ವಿಷಯವೂ ಪ್ರಶ್ನೆಯೂ

ನನ್ನ ತಮ್ಮನ ಮೊಮ್ಮಗಳು ಬೆಂಗಳೂರಿನಲ್ಲಿ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆಂಬುದು ನಮ್ಮ ಬಂಧುಗಳಿಗೆಲ್ಲ ತಿಳಿದ ಸಂಗತಿ. ಈ ವ್ಯಾಸಂಗದ ಮೊದಲ ವರ್ಷದಲ್ಲಿಯೇ ವಿದ್ಯಾರ್ಥಿಗಳು ತಾವು ಬರೆಯಬೇಕಾದ ಸಂಶೋಧನ ಪ್ರಬಂಧದ ವಿಷಯವನ್ನು ಗೊತ್ತುಮಾಡಿಕೊಂಡು, ಅದರ ಸಾರಾಂಶವನ್ನು ವಿಶ್ವವಿದ್ಯಾಲಯದ ಒಪ್ಪಿಗೆಗೆ ಕಳುಹಿಸಬೇಕು. ‘ಸಿನಾಪ್ಸಿಸ್’ ಎಂದು ಅದಕ್ಕೆ ಹೆಸರು. ಪೂರಕ ಮತ್ತು ಪರ್ಯಾಯ ವೈದ್ಯಪದ್ಧತಿ ಎಂಬ ಕ್ಷೇತ್ರವನ್ನು ಹುಡುಗಿ ತಾನಾಗಿಯೇ ಆರಿಸಿಕೊಂಡಿದ್ದಳು. ಹೊಲ ಸಿಕ್ಕಿತು, ಎಲ್ಲಿ ನೇಗಿಲು ಹೂಡಬೇಕೆಂಬುದು ತಿಳಿಯಲಿಲ್ಲ. ನಾಲ್ಕು ದಿನ ರಜೆ ಹಾಕಿ, ಲ್ಯಾಪ್‌ಟಾಪ್ ಹೊತ್ತುಕೊಂಡು ಅರಸೀಕೆರೆಗೆ ಬಂದಳು. “ದೊಡ್ಡತಾತ, ನೀವು ಕೂತು ಸ್ವಲ್ಪ ನೋಡಿ” ಎಂದಳು.

ನಾನು ಹಳೇಬೀಡು, ಬೇಲೂರು, ಅರಸೀಕೆರೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧಿಸಿದವನೇ ಹೊರತು ಸಂಶೋಧನೆ ಮಾಡಿದವನಲ್ಲ. ಆದರೆ ಮೂವತ್ತೈದು ವರ್ಷಗಳ ಕಾಲ ಹದಿನಾಲ್ಕರ ಹುಡುಗರು ಕೇಳುವ ಪ್ರಶ್ನೆಗಳನ್ನು ಕೇಳಿಸಿಕೊಂಡವನಿಗೆ ಒಂದು ಅಭ್ಯಾಸ ಉಳಿದಿರುತ್ತದೆ: ಯಾವುದು ಪ್ರಶ್ನೆ, ಯಾವುದು ಪ್ರಶ್ನೆಯ ವೇಷ ತೊಟ್ಟ ಶೀರ್ಷಿಕೆ ಎಂಬುದನ್ನು ಗುರುತಿಸುವ ಅಭ್ಯಾಸ. ಅವಳು ತಂದಿದ್ದ ಪಟ್ಟಿಯಲ್ಲಿ ಒಂಬತ್ತು ವಿಷಯಗಳಿದ್ದವು. ಮೊದಲನೆಯದು ‘ಪರ್ಯಾಯ ವೈದ್ಯಪದ್ಧತಿಗಳು: ಒಂದು ಅಧ್ಯಯನ’. ಎರಡನೆಯದು ‘ಆಯುರ್ವೇದ ಮತ್ತು ಕ್ಯಾನ್ಸರ್’. ಇವು ಗ್ರಂಥಾಲಯದ ಕಪಾಟಿಗೆ ಅಂಟಿಸುವ ಚೀಟಿಗಳು. ಇವುಗಳಿಗೆ ಹೌದು ಅಥವಾ ಅಲ್ಲ ಎಂಬ ಉತ್ತರ ಬರಲಾರದು. ಇಷ್ಟು ಎಂಬ ಸಂಖ್ಯೆಯೂ ಬರಲಾರದು. ಇನ್ನೆರಡು, ನರ್ಸಿಂಗ್ ಪ್ರಬಂಧಗಳಲ್ಲಿ ನೂರಾರು ಸಲ ಬಂದುಹೋಗಿರುವ ಎರಕದವು: ಇಂಥ ವಿಷಯದ ಬಗ್ಗೆ ಇಂಥವರ ಜ್ಞಾನಮಟ್ಟ ಎಷ್ಟಿದೆ, ಪಾಠ ಮಾಡಿದ ಮೇಲೆ ಎಷ್ಟು ಹೆಚ್ಚುತ್ತದೆ ಎನ್ನುವಂಥವು. ಪಾಠ ಮಾಡಿದ ವಾರದಲ್ಲಿಯೇ ಪರೀಕ್ಷೆ ಕೊಟ್ಟರೆ ಅಂಕ ಹೆಚ್ಚುತ್ತದೆ ಎಂಬುದನ್ನು ತಿಳಿಯಲು ಸಂಶೋಧನೆಯೇಕೆ? ಯಾವ ಮೇಷ್ಟರನ್ನು ಕೇಳಿದರೂ ಹೇಳಿಯಾರು. ಬೇಸಿಗೆ ರಜೆ ಮುಗಿದ ಮೇಲೆ ಎಷ್ಟು ಉಳಿದಿರುತ್ತದೆ ಎಂಬುದನ್ನೂ ಹೇಳಿಯಾರು.

ಮೊದಲು ಹೆಸರನ್ನೇ ತಿಳಿದುಕೊಳ್ಳೋಣ ಎಂದೆ. ‘ಪರ್ಯಾಯ’ ಎಂದರೆ ಒಂದನ್ನು ಬಿಟ್ಟು ಅದರ ಸ್ಥಾನದಲ್ಲಿ ಇನ್ನೊಂದು. ‘ಪೂರಕ’ ಎಂದರೆ ಒಂದರ ಜೊತೆಗೆ ಇನ್ನೊಂದು. ರೋಗಿಯ ಪಾಲಿಗೆ ಇದು ನಿಘಂಟಿನ ಭೇದವಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನುಂಗಿ, ಮೇಲೆ ಮೆಂತ್ಯದ ನೀರು ಕುಡಿಯುವವನಿಗೂ, ಮಾತ್ರೆಯನ್ನು ಬಿಟ್ಟು ಮೆಂತ್ಯದ ನೀರನ್ನೇ ನಂಬಿದವನಿಗೂ ಅಜಗಜಾಂತರ. ಅಮೆರಿಕದ ಸರ್ಕಾರ 1998ರಲ್ಲಿ ಈ ಸಂಶೋಧನೆಗಾಗಿಯೇ ಒಂದು ರಾಷ್ಟ್ರೀಯ ಕೇಂದ್ರವನ್ನು ತೆರೆದಾಗ ಅದರ ಹೆಸರಿನಲ್ಲಿ ‘ಪೂರಕ’, ‘ಪರ್ಯಾಯ’ ಎರಡೂ ಇದ್ದವು. 2014ರ ಡಿಸೆಂಬರಿನಲ್ಲಿ ‘ಪರ್ಯಾಯ’ವನ್ನು ಕೈಬಿಟ್ಟು ‘ಪೂರಕ ಮತ್ತು ಸಮಗ್ರ ಆರೋಗ್ಯ’ ಎಂದು ಮಾಡಿಕೊಂಡರು. ನಮ್ಮಲ್ಲಿಯಾದರೋ ಆಯುರ್ವೇದ, ಯುನಾನಿ, ಸಿದ್ಧ, ಹೋಮಿಯೋಪತಿಗಳು ಕಾನೂನಿನ ಕಣ್ಣಿನಲ್ಲಿ ಪರ್ಯಾಯಗಳೇ ಅಲ್ಲ. 1970ರ ಕೇಂದ್ರ ಕಾಯಿದೆಯ ಕಾಲದಿಂದಲೂ ಭಾರತೀಯ ವೈದ್ಯಪದ್ಧತಿಗಳಿಗೆ ತಮ್ಮದೇ ಪದವಿ, ತಮ್ಮದೇ ನೋಂದಣಿಗಳಿವೆ. ಈಗ 2020ರ ಹೊಸ ಕಾಯಿದೆ ಬಂದಿದೆ. ‘ಆಯುಷ್’ ಎಂಬ ಹೆಸರು 2003ರಲ್ಲಿ ಇಲಾಖೆಗೆ ಬಂತು, 2014ರಲ್ಲಿ ಅದೇ ಒಂದು ಮಂತ್ರಾಲಯವಾಯಿತು. ಮೈಸೂರಿನಲ್ಲಿ ಸರ್ಕಾರಿ ಆಯುರ್ವೇದ ಕಾಲೇಜು ಆರಂಭವಾದದ್ದು 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. ಆದ್ದರಿಂದ ಅಮೆರಿಕದ ಪುಸ್ತಕದಿಂದ ತೆಗೆದ ಹೆಸರನ್ನು ನಮ್ಮೂರಿನ ಮೇಲೆ ಹೊದಿಸಿದರೆ ಸರಿಹೊಂದುವುದಿಲ್ಲ. ಪದವಿ ಪಡೆದ ಆಯುರ್ವೇದ ವೈದ್ಯರು, ಊರಿನ ನಾಟಿ ವೈದ್ಯ, ಟಿ.ವಿ. ಜಾಹೀರಾತಿನ ಬಾಟಲಿ, ಅಜ್ಜಿಯ ಕಷಾಯ ಈ ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬಿ ಅಳೆದರೆ ಬರುವ ತೂಕಕ್ಕೆ ಅರ್ಥವಿಲ್ಲ.

ಪಟ್ಟಿಯಲ್ಲಿ ‘ಹೊಯ್ಸಳರ ಕಾಲದ ವೈದ್ಯ’ ಎಂಬುದೂ ಇತ್ತು. ಬಹುಶಃ ನನ್ನನ್ನು ಮೆಚ್ಚಿಸಲು ಬರೆದದ್ದು! ಹಳೇಬೀಡಿನಲ್ಲಿದ್ದಾಗ ಪ್ರತಿ ವರ್ಷವೂ ಮಕ್ಕಳನ್ನು ಹೊಯ್ಸಳೇಶ್ವರನ ಜಗತಿಯ ಸುತ್ತ ನಡೆಸಿದವನಲ್ಲವೇ ನಾನು. ವಿಷಯವೇನೋ ಸೊಗಸಾದದ್ದೇ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಕ್ಕೆ ತಂದ. 14ನೆಯ ಶತಮಾನದಲ್ಲಿ ಮಂಗರಾಜ ವಿಷವೈದ್ಯವನ್ನೇ ವಸ್ತುವಾಗಿಟ್ಟುಕೊಂಡು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ. ಆದರೆ ಇದು ಕನ್ನಡ ಎಂ.ಎ. ಓದುವವರ ಕೆಲಸ. ವಾರ್ಡಿನಲ್ಲಿ ನಿಂತು ಕೆಲಸ ಮಾಡುವ ಹುಡುಗಿ ವಾರ್ಡಿನಲ್ಲಿ ನಿಂತಾಗ ಮಾತ್ರ ಕಾಣುವುದನ್ನು ಬರೆಯಬೇಕು. ಯೋಗದ ವಿಷಯವನ್ನೂ ಹೀಗೆಯೇ ಬದಿಗಿಟ್ಟೆವು. ಅದರ ಮೇಲೆ ಬೆಂಗಳೂರಿನಲ್ಲಿಯೇ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗಳು ಕೆಲಸ ಮಾಡಿವೆ. (ಪ್ರಾಸಂಗಿಕವಾಗಿ ಒಂದು ಮಾತು: ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಬೇಲೂರಿನವರೆಂದು ಎಷ್ಟೋ ಜನ ಹೆಮ್ಮೆಯಿಂದ ಹೇಳುತ್ತಾರೆ. ಅವರ ಹೆಸರಿನ ಮೊದಲಕ್ಷರದಲ್ಲಿರುವುದು ಕೋಲಾರ ಜಿಲ್ಲೆಯ ಬೆಳ್ಳೂರು.)

ಆಮೇಲೆ ಬಂದದ್ದು ಕಾಮಾಲೆ. ಇದನ್ನು ನಾವು ಒಂದಿಡೀ ಮಧ್ಯಾಹ್ನ ಚರ್ಚಿಸಿದೆವು, ಏಕೆಂದರೆ ಇದರಲ್ಲಿ ಕಲಿಯುವುದಕ್ಕೆ ಬಹಳವಿದೆ. ನಮ್ಮ ಸೀಮೆಯಲ್ಲಿ ಕಣ್ಣು ಹಳದಿಯಾದರೆ ಇಂದಿಗೂ ಮೊದಲು ನೆನಪಾಗುವುದು ನಾಟಿ ಔಷಧಿ. ಬೆಳಗಿನ ಜಾವ, ಖಾಲಿ ಹೊಟ್ಟೆ, ಅರೆದ ಸೊಪ್ಪಿನ ಉಂಡೆಯನ್ನು ಮಜ್ಜಿಗೆಯಲ್ಲಿ ಕದಡಿ ಮೂರು ದಿನ. ಎಣ್ಣೆ, ಕರಿದದ್ದು ವರ್ಜ್ಯ. ಬಹುಪಾಲು ಜನ ಗುಣವಾಗುತ್ತಾರೆ. ಗುಣವಾದದ್ದನ್ನು ಕಣ್ಣಾರೆ ಕಂಡವರಿಗೆ ‘ಔಷಧಿ ಕೆಲಸ ಮಾಡಲಿಲ್ಲ’ ಎಂದರೆ ಯಾರು ನಂಬಿಯಾರು?

ಆದರೆ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ‘ಎ’ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವ ರೋಗ. ಔಷಧಿ ಕೊಟ್ಟರೂ ಇಳಿಯುತ್ತದೆ, ಕೊಡದಿದ್ದರೂ ಇಳಿಯುತ್ತದೆ. ಹಾಗಾದರೆ ಆ ಸೊಪ್ಪಿಗೆ ಗುಣವಿದೆಯೋ ಇಲ್ಲವೋ ಎಂಬುದನ್ನು ತಿಳಿಯುವುದು ಹೇಗೆ? ಸೊಪ್ಪು ತಿಂದವರನ್ನು ಮಾತ್ರ ಎಣಿಸಿದರೆ ಸಾಲದು. ತಿನ್ನದ ಅಷ್ಟೇ ಜನರನ್ನೂ ಅಷ್ಟೇ ದಿನ ನೋಡಬೇಕು. ಎಂಟನೆಯ ತರಗತಿಯ ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಎರಡು ಕುಂಡಗಳಲ್ಲಿ ಹುರುಳಿ ಬಿತ್ತಿ, ಒಂದನ್ನು ಕತ್ತಲೆಯಲ್ಲಿ, ಒಂದನ್ನು ಬೆಳಕಿನಲ್ಲಿ ಇಡುತ್ತಿದ್ದೆವು. “ಒಂದೇ ಕುಂಡ ಸಾಕಲ್ವಾ ಸಾರ್?” ಎಂದು ಪ್ರತಿ ವರ್ಷವೂ ಒಬ್ಬ ಕೇಳುತ್ತಿದ್ದ. ಆ ಎರಡನೆಯ ಕುಂಡವೇ ಇಲ್ಲಿಯೂ ಬೇಕಾದದ್ದು.

ಎರಡನೆಯ ಕುಂಡವನ್ನಿಟ್ಟು ನೋಡಿದವರೂ ಇದ್ದಾರೆ. ನೆಲನೆಲ್ಲಿಯನ್ನು ಎಲ್ಲರೂ ಬಲ್ಲಿರಿ, ಮಳೆ ಬಿದ್ದರೆ ಬೇಲಿಯ ಬುಡದಲ್ಲಿ ತಾನಾಗಿ ಹುಟ್ಟುವ ಗಿಡ, ಎಲೆಯಡಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಕಾಯಿ. ಮದರಾಸಿನ ತ್ಯಾಗರಾಜನ್ ಮತ್ತವರ ಸಂಗಡಿಗರು ಹೆಪಟೈಟಿಸ್ ‘ಬಿ’ ವೈರಾಣುವನ್ನು ಶರೀರದಲ್ಲಿ ಹೊತ್ತವರಿಗೆ ಈ ಗಿಡದ ಪುಡಿಯನ್ನು ಕೊಟ್ಟು, ಇನ್ನೊಂದು ಗುಂಪಿಗೆ ಅದರಂತೆಯೇ ಕಾಣುವ ಹುಸಿಮದ್ದನ್ನು ಕೊಟ್ಟು ನೋಡಿ, 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪುಡಿ ಪಡೆದ 37 ಜನರಲ್ಲಿ 22 ಜನರ ರಕ್ತದಿಂದ ವೈರಾಣುವಿನ ಗುರುತು ಮಾಯವಾಗಿತ್ತು; ಹುಸಿಮದ್ದು ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಆ ತಂಡದಲ್ಲಿ, ಈ ವೈರಾಣುವನ್ನು ಪತ್ತೆಹಚ್ಚಿ ನೊಬೆಲ್ ಪಡೆದ ಬ್ಲಂಬರ್ಗ್ ಅವರೂ ಇದ್ದರು. ಇಡೀ ಜಗತ್ತೇ ನೆಲನೆಲ್ಲಿಯ ಕಡೆಗೆ ತಿರುಗಿತು. ಆದರೆ ಬೇರೆ ದೇಶಗಳಲ್ಲಿ ಮಾಡಿದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಕಾಣಲಿಲ್ಲ. ಮುಂದೆ 2011ರಲ್ಲಿ ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆಯು ಹುಸಿಮದ್ದಿಗಿಂತ ಇದು ಮೇಲೆಂದು ಹೇಳಲು ತಕ್ಕ ಆಧಾರವಿಲ್ಲವೆಂದು ತೀರ್ಮಾನಿಸಿತು. ಗಿಡದಲ್ಲಿ ಏನೂ ಇಲ್ಲ ಎಂದು ಇದರ ಅರ್ಥವಲ್ಲ. ಒಮ್ಮೆ ಕಂಡದ್ದು ಮತ್ತೆ ಕಾಣಬೇಕು, ಇನ್ನೊಬ್ಬರ ಕೈಯಲ್ಲೂ ಕಾಣಬೇಕು ಎಂಬ ನಿಯಮದಲ್ಲಿ ಅದು ತೇರ್ಗಡೆಯಾಗಲಿಲ್ಲ, ಅಷ್ಟೆ.

ತೇರ್ಗಡೆಯಾದ ಗಿಡಗಳೂ ಇವೆ. ಸರ್ಪಗಂಧದ ಬೇರನ್ನು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಬಳಸಬಹುದೆಂದು ಸೇನ್ ಮತ್ತು ಬೋಸ್ 1931ರಲ್ಲಿ ಬರೆದರು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟನ್ನಿನ ಹೃದಯವೈದ್ಯ ಪತ್ರಿಕೆಯಲ್ಲಿ ತಮ್ಮ ರೋಗಿಗಳ ವಿವರಗಳನ್ನು ಪ್ರಕಟಿಸಿದ ಮೇಲೆ ಪಶ್ಚಿಮದವರು ಅದನ್ನು ಕಣ್ತೆರೆದು ನೋಡಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ವಕೀಲರು ‘ಸರ್ಪಗಂಧ ಒಳ್ಳೆಯದೇ?’ ಎಂದು ಕೇಳಲಿಲ್ಲ. ಒತ್ತಡ ಇಳಿಯುತ್ತದೆಯೇ, ಎಷ್ಟು ಇಳಿಯುತ್ತದೆ ಎಂದಷ್ಟೇ ಕೇಳಿದರು. ಇದನ್ನು ಹುಡುಗಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಹಾಗಾದರೆ ತಾನೂ ಒಂದು ಗಿಡವನ್ನು ಹಿಡಿಯಬಹುದಲ್ಲವೇ ಎಂದಳು. ನಮ್ಮ ಮನೆಯಲ್ಲೇ ಒಂದು ಹೊನ್ನೆ ಮರದ ಲೋಟವಿದೆ. ರಾತ್ರಿ ನೀರು ಹಾಕಿಟ್ಟರೆ ಬೆಳಗ್ಗೆ ನೀರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಸಕ್ಕರೆ ಕಾಯಿಲೆಯವರು ಅದನ್ನು ಕುಡಿಯುವ ರೂಢಿ. ಇದೇ ಹೊನ್ನೆಯನ್ನು, ಅಂದರೆ ವಿಜಯಸಾರವನ್ನು, ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯವರು ಹೊಸದಾಗಿ ಸಕ್ಕರೆ ಕಾಯಿಲೆ ಪತ್ತೆಯಾದ 97 ಜನರಿಗೆ ಕೊಟ್ಟು, 67 ಜನರಲ್ಲಿ ಸಕ್ಕರೆ ಹತೋಟಿಗೆ ಬಂದಿತೆಂದು 1998ರಲ್ಲಿ ವರದಿ ಮಾಡಿದ್ದರು. ಅಲ್ಲಿ ಕೊಟ್ಟದ್ದು ಅಳತೆಗೊಳಪಟ್ಟ ಸಾರ, ಲೋಟದ ನೀರಲ್ಲ. ಮತ್ತು ಆ ಪ್ರಯೋಗದಲ್ಲಿ ಎರಡನೆಯ ಕುಂಡವಿರಲಿಲ್ಲ. ಮುಂದುವರಿಸಲು ತಕ್ಕ ವಿಷಯವೇ ಸರಿ. ಆದರೆ ಒಬ್ಬಂಟಿ ವಿದ್ಯಾರ್ಥಿನಿ ಮಾಡತಕ್ಕದ್ದಲ್ಲ. ರೋಗಿಗೆ ಏನನ್ನಾದರೂ ಕುಡಿಸಿ ನೋಡುವ ಅಧ್ಯಯನವೆಂದರೆ ನೈತಿಕ ಸಮಿತಿಯ ಒಪ್ಪಿಗೆ, 2007ರಲ್ಲಿ ಆರಂಭವಾದ ರಾಷ್ಟ್ರೀಯ ನೋಂದಣಿ ಪುಸ್ತಕದಲ್ಲಿ ದಾಖಲಾತಿ, ಔಷಧಿಯ ಶುದ್ಧತೆಯ ಪರೀಕ್ಷೆ, ಹೆಚ್ಚುಕಡಿಮೆಯಾದರೆ ಹೊಣೆ. ಅವಳ ಕೈಯಲ್ಲಿರುವುದು ಕೆಲವೇ ತಿಂಗಳು, ಒಂದು ಪೆನ್ನು, ಬಸ್ಸಿನ ಪಾಸು.

ಹಾವು ಕಡಿತದ ವಿಷಯಕ್ಕೂ ಇದೇ ಗತಿಯಾಯಿತು. ಅದು ಚಿಕ್ಕ ವಿಷಯವೆಂದಲ್ಲ. ಭಾರತದಲ್ಲಿ ವರ್ಷಕ್ಕೆ ಸುಮಾರು 46,000 ಜನ ಹಾವು ಕಡಿದು ಸಾಯುತ್ತಾರೆಂದು 2011ರಲ್ಲಿ ಪ್ರಕಟವಾದ ಸಮೀಕ್ಷೆ ಅಂದಾಜು ಮಾಡಿತ್ತು. ಅವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಹೊರಗೇ ಸತ್ತವರು. ನಮ್ಮ ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಮಂತ್ರ, ಬೇರು, ಕಟ್ಟು ಎಂದು ಕಳೆದ ಗಂಟೆಗಳೆಷ್ಟು ಎಂಬುದನ್ನು ಯಾರಾದರೂ ಬರೆಯಲೇಬೇಕು. ಆದರೆ ಅವಳ ಅವಧಿಯಲ್ಲಿ ಒಂದು ಆಸ್ಪತ್ರೆಯಲ್ಲಿ ಸಾಕಷ್ಟು ರೋಗಿಗಳು ಸಿಗುವ ಭರವಸೆಯಿಲ್ಲ. ಮೂಳೆ ಕಟ್ಟುವವರ ವಿಷಯವನ್ನೂ ಹಾಗೆಯೇ ದಾಟಿದೆವು.

ಮೂರನೆಯ ದಿನ ರಾತ್ರಿ ಊಟವಾದ ಮೇಲೆ ಅವಳು ಪಟ್ಟಿಯ ಕೊನೆಯ ಸಾಲನ್ನು ತೋರಿಸಿದಳು. ಅದನ್ನು ಅಲ್ಲಿಯವರೆಗೆ ಮಡಿಸಿಟ್ಟಿದ್ದಳೆಂದೇ ಹೇಳಬೇಕು. ‘ನಾಟಿ ಔಷಧಿಗಳಿಂದ ಮೂತ್ರಪಿಂಡಕ್ಕಾಗುವ ಹಾನಿ’.

ನನ್ನ ತಮ್ಮನಿಗೆ ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯಿತ್ತು. ಕೊನೆಯ ಎರಡು ವರ್ಷ ಮೂತ್ರಪಿಂಡಗಳು ಸೋತವು, ವಾರಕ್ಕೆರಡು ಬಾರಿ ಡಯಾಲಿಸಿಸ್, ಆಮೇಲೆ ಅದೂ ಮುಗಿಯಿತು. ಹನ್ನೊಂದನೆಯ ದಿನದ ಕಾರ್ಯಕ್ಕೆಂದು ದೇವರ ಮನೆಯನ್ನು ಸ್ವಚ್ಛಮಾಡುವಾಗ ಪಂಚಾಂಗಗಳ ಹಿಂದೆ ಸಣ್ಣ ಸಣ್ಣ ಪೊಟ್ಟಣಗಳು ಸಿಕ್ಕವು. ವೃತ್ತಪತ್ರಿಕೆಯ ಕಾಗದದಲ್ಲಿ ಕಟ್ಟಿದ ಬೂದುಬಣ್ಣದ ಪುಡಿ. ಹೆಸರಿಲ್ಲ, ವಿಳಾಸವಿಲ್ಲ. ಯಾವುದೋ ಸಂತೆಯಲ್ಲಿ ಯಾರೋ ಕೊಟ್ಟದ್ದೆಂದೂ, ದಿನಕ್ಕೊಂದು ಚಮಚೆಯಂತೆ ಮೂರು ವರ್ಷ ತೆಗೆದುಕೊಂಡರೆಂದೂ ತಮ್ಮನ ಹೆಂಡತಿ ಆಗ ಹೇಳಿದಳು. ಅಲ್ಲಿದ್ದವರು ಕೋಪದಿಂದ ಎಲ್ಲವನ್ನೂ ಬಚ್ಚಲ ಒಲೆಗೆ ಹಾಕಿದರು. ಈ ಹುಡುಗಿ ಆಗ ಬಿ.ಎಸ್ಸಿ. ನರ್ಸಿಂಗ್‌ನ ಎರಡನೆಯ ವರ್ಷದಲ್ಲಿದ್ದಳು. ತಾತನ ಔಷಧಿಗಳ ಪಟ್ಟಿಯನ್ನು ಆಸ್ಪತ್ರೆಗೆ ಬರೆದುಕೊಡುತ್ತಿದ್ದವಳು ಅವಳೇ.

“ಆ ಪುಡಿಯಿಂದಲೇ ಆಯ್ತು ದೊಡ್ಡತಾತ. ನಾನು ಅದನ್ನು ತೋರಿಸಬೇಕು” ಎಂದಳು.

ಅವಳ ಸಂದೇಹಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಬೆಲ್ಜಿಯಂನಲ್ಲಿ ತೂಕ ಇಳಿಸಿಕೊಳ್ಳಲು ಚೀನೀ ಗಿಡಮೂಲಿಕೆಗಳನ್ನು ತೆಗೆದುಕೊಂಡ ಹೆಂಗಸರ ಮೂತ್ರಪಿಂಡಗಳು ಹಾಳಾದದ್ದು 1993ರಲ್ಲಿ ಬೆಳಕಿಗೆ ಬಂತು. ಅರಿಸ್ಟೊಲೋಕಿಯ ಜಾತಿಯ ಗಿಡದಲ್ಲಿರುವ ಆಮ್ಲ ಅದಕ್ಕೆ ಕಾರಣವೆಂದು ಮುಂದೆ ತಿಳಿಯಿತು. ನಮ್ಮ ಈಶ್ವರಿ ಬಳ್ಳಿ ಅದೇ ಜಾತಿಗೆ ಸೇರಿದ್ದು. ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರಾಟಕ್ಕಿದ್ದ 70 ಆಯುರ್ವೇದ ಸಿದ್ಧೌಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತೆಂದು 2004ರಲ್ಲಿ ಪ್ರಕಟವಾಯಿತು. ಮುಂಬಯಿಯ ವೈದ್ಯರು 2021ರಲ್ಲಿ ಅಮೃತಬಳ್ಳಿಯನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತವನ್ನು ಕಂಡು ಬರೆದಾಗ ಆಯುಷ್ ಮಂತ್ರಾಲಯ ಅದನ್ನು ಒಪ್ಪಲಿಲ್ಲ, ವಾದ ನಡೆಯಿತು.

ಆದರೆ ತಮ್ಮನ ಪೊಟ್ಟಣದಲ್ಲಿ ಏನಿತ್ತು? ಅದು ಬೂದಿಯಾಗಿದೆ. ಹದಿನೆಂಟು ವರ್ಷಗಳ ಸಕ್ಕರೆ ಕಾಯಿಲೆಯೊಂದೇ ಸಾಕು, ಮೂತ್ರಪಿಂಡವನ್ನು ಸೋಲಿಸಲು. ಪುಡಿಯನ್ನು ಮುಟ್ಟದಿದ್ದ ಇನ್ನೊಬ್ಬ ತಮ್ಮ ನಮಗಿಲ್ಲವಲ್ಲ, ಹೋಲಿಸಿ ನೋಡಲು. ಉತ್ತರವನ್ನು ಮೊದಲೇ ಕೈಯಲ್ಲಿ ಹಿಡಿದು ಪ್ರಶ್ನೆಯನ್ನು ಹುಡುಕುವುದು ಅವಳ ತಾತನಿಗೂ ನ್ಯಾಯವಲ್ಲ, ಆ ಪುಡಿ ಕೊಟ್ಟವನಿಗೂ ನ್ಯಾಯವಲ್ಲ. ಇದನ್ನು ಹೇಳುವಾಗ ನನ್ನ ಗಂಟಲೂ ಕಟ್ಟಿತ್ತು. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಾಗಿದ್ರೆ ಡಾಕ್ಟ್ರು ಕೇಳಿದಾಗ ತಾತ ಯಾಕೆ ಹೇಳಲಿಲ್ಲ?” ಎಂದಳು.

ಮೂರು ದಿನಗಳಲ್ಲಿ ಬಂದ ಮೊದಲನೆಯ ಪ್ರಶ್ನೆ ಅದು.

ಬೆಳಗ್ಗೆ ತಮ್ಮನ ಹೆಂಡತಿಯನ್ನೇ ಕೇಳಿದೆವು. “ಡಾಕ್ಟ್ರು ಕೇಳಿದ್ರು ಭಾವ, ಕೇಳ್ದೆ ಇರ್ಲಿಲ್ಲ. ‘ಬೇರೆ ಔಷಧಿ ಏನಾದ್ರೂ ತಗೋತೀರಾ’ ಅಂದ್ರು. ಇವರು ಇಲ್ಲ ಅಂದ್ರು. ಹೊರಗೆ ಬಂದ್ಮೇಲೆ ನಾನು ಕೇಳ್ದೆ, ಯಾಕ್ ಸುಳ್ಳು ಹೇಳಿದ್ರಿ ಅಂತ. ‘ಅದೇನ್ ಔಷಧೀನಾ? ಬೇರಿನ ಪುಡಿ’ ಅಂದ್ರು.”

ಬೈಸಿಕೊಳ್ಳುವ ಅಂಜಿಕೆಯೂ ಇದ್ದಿರಬೇಕು. ಆದರೆ ಈ ಮಾತಿನಲ್ಲಿ ನನಗೆ ಬೇರೆಯೇ ಒಂದು ವಿಷಯ ಕಂಡಿತು. ‘ಔಷಧಿ’ ಎಂಬ ಶಬ್ದವನ್ನು ನಮ್ಮ ಜನ ಯಾವುದಕ್ಕೆ ಬಳಸುತ್ತಾರೆ? ಅಂಗಡಿಯ ಮಾತ್ರೆ, ಟಾನಿಕ್, ಸೂಜಿ ಇವು ಔಷಧಿ. ತೊಗರಿಗೆ ಹುಳ ಬಿದ್ದರೆ ಹೊಡೆಯುವುದೂ ಔಷಧಿ. ‘ಅವನು ಔಷಧಿ ಕುಡಿದ’ ಎಂದರೆ ಊರೆಲ್ಲ ಓಡಿಬರುತ್ತದೆ. ‘ಮದ್ದು’ ಎಂದರೆ ಮಲೆನಾಡಿನ ಅಂಚಿಗಿರುವ ಬೇಲೂರಿನ ಕಡೆ ಸಹಜವಾದ ಮಾತು. ಆದರೆ ‘ಮದ್ದು ಹಾಕಿದರು’ ಎಂದರೆ ಅರ್ಥವೇ ಬೇರೆ. ಮೆಂತ್ಯ, ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ ಇವೆಲ್ಲ ಅಡುಗೆಮನೆಯ ಲೆಕ್ಕದಲ್ಲಿವೆ. ಅಮೃತಬಳ್ಳಿ ಕಷಾಯದ ಲೆಕ್ಕ, ಬಿಲ್ವಪತ್ರೆ ದೇವರ ಲೆಕ್ಕ. ಹಿತ್ತಲಲ್ಲಿ ನೆಟ್ಟು ಬೆಳಗ್ಗೆ ಒಂದೆಲೆ ಅಗಿಯುವ ‘ಇನ್ಸುಲಿನ್ ಗಿಡ’ಕ್ಕೆ ಲೆಕ್ಕವೇ ಇಲ್ಲ. ವೈದ್ಯರು ಒಂದು ಶಬ್ದದಿಂದ ಎಲ್ಲವನ್ನೂ ಕೇಳಿದರು; ತಮ್ಮ ಆ ಶಬ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟ.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ ಐಸೆನ್‌ಬರ್ಗ್ ಮತ್ತವರ ಸಂಗಡಿಗರು ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನೂರಕ್ಕೆ 34 ಜನ ಹಿಂದಿನ ಒಂದು ವರ್ಷದಲ್ಲಿ ಯಾವುದಾದರೊಂದು ಬೇರೆ ಚಿಕಿತ್ಸೆಯನ್ನು ಪಡೆದಿದ್ದರು. ಹಾಗೆ ಪಡೆದವರಲ್ಲಿ ನೂರಕ್ಕೆ 72 ಜನ ತಮ್ಮ ವೈದ್ಯರಿಗೆ ಅದನ್ನು ತಿಳಿಸಿರಲಿಲ್ಲ. ತಿಳಿಸದಿರುವುದರ ಪರಿಣಾಮ ಚಿಕ್ಕದಲ್ಲ. ಸಕ್ಕರೆ ಇಳಿಸುವ ಮಾತ್ರೆಯ ಜೊತೆಗೆ ಸಕ್ಕರೆ ಇಳಿಸುವ ಇನ್ನೊಂದು ಸೇರಿದರೆ, ಹೊತ್ತಿಗೆ ಸರಿಯಾಗಿ ಉಣ್ಣದ ಮುದುಕರು ಬಚ್ಚಲಲ್ಲಿ ತಲೆಸುತ್ತಿ ಬೀಳಬಹುದು. ವೈದ್ಯರು ಮಾತ್ರೆಯ ಪ್ರಮಾಣವನ್ನು ಬದಲಾಯಿಸುವುದು ತಮಗೆ ಕಂಡದ್ದರ ಆಧಾರದ ಮೇಲೆ. ಕಾಣದ್ದರ ಲೆಕ್ಕವನ್ನು ಅವರು ಹೇಗೆ ಹಿಡಿದಾರು?

ಅಂದು ಮಧ್ಯಾಹ್ನವೇ ಪ್ರಬಂಧದ ನಕ್ಷೆ ಸಿದ್ಧವಾಯಿತು. ಸಕ್ಕರೆ ಕಾಯಿಲೆಗಾಗಿ ಆಸ್ಪತ್ರೆಗೆ ಬರುವವರನ್ನು, ಅವರ ಒಪ್ಪಿಗೆ ಪಡೆದು, ಮೊದಲು ಆಸ್ಪತ್ರೆಯ ರೂಢಿಯಂತೆ ಒಂದೇ ವಾಕ್ಯದಲ್ಲಿ ಕೇಳುವುದು: ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತೀರಾ? ಉತ್ತರವನ್ನು ಗುರುತು ಹಾಕಿಕೊಳ್ಳುವುದು. ಆಮೇಲೆ ಮನೆಮಾತಿನ ಹೆಸರುಗಳ ಪಟ್ಟಿಯನ್ನು ಹಿಡಿದು ಒಂದೊಂದಾಗಿ ಕೇಳುವುದು. ಎರಡು ಉತ್ತರಗಳ ನಡುವಿನ ಅಂತರವೇ ಅವಳ ಸಂಶೋಧನೆ. ಇಲ್ಲಿ ಯಾರಿಗೂ ಏನನ್ನೂ ಕುಡಿಸಬೇಕಾಗಿಲ್ಲ, ಯಾವ ಪದ್ಧತಿ ಮೇಲು ಎಂಬ ಜಗಳಕ್ಕೂ ಹೋಗಬೇಕಾಗಿಲ್ಲ. ಅಂತರ ಕಾಣದಿದ್ದರೂ ಅದೊಂದು ಉತ್ತರವೇ. ಕೊನೆಗೊಂದು ಪ್ರಶ್ನೆಯನ್ನು ನಾನು ಹಟಹಿಡಿದು ಸೇರಿಸಿದೆ: ಇದನ್ನು ತೆಗೆದುಕೊಳ್ಳಲು ಶುರುಮಾಡಿದ ಮೇಲೆ ಮಾತ್ರೆಯನ್ನು ಕಡಿಮೆ ಮಾಡಿದಿರಾ, ಬಿಟ್ಟಿರಾ? ಪೂರಕವೋ ಪರ್ಯಾಯವೋ ಎಂಬುದು ಅಲ್ಲಿ ತಾನಾಗಿ ಗೊತ್ತಾಗುತ್ತದೆ.

ಸಂಜೆ ಪಕ್ಕದ ಮನೆಯ ನಿವೃತ್ತ ರೈಲ್ವೆ ನೌಕರರ ಮೇಲೆ ಇದನ್ನು ಪ್ರಯೋಗಿಸಿದೆವು. ಮೊದಲ ಪ್ರಶ್ನೆಗೆ ಅವರು, “ಏನೂ ಇಲ್ಲಮ್ಮ, ಡಾಕ್ಟರ್ ಕೊಟ್ಟದ್ದಷ್ಟೇ” ಎಂದರು. ಪಟ್ಟಿ ಓದುತ್ತಾ ಹೋದಂತೆ ಮೆಂತ್ಯ ಬಂತು, ನೇರಳೆ ಬೀಜ ಬಂತು, ಹೊನ್ನೆ ಲೋಟ ಬಂತು, ಕೊನೆಗೆ ಒಳಗಿನಿಂದ ಅವರ ಪತ್ನಿ ಕೂಗಿ ಹೇಳಿದ ಮೇಲೆ ಟಿ.ವಿ. ನೋಡಿ ತರಿಸಿದ ಹಸಿರು ಬಾಟಲಿಯೂ ಬಂತು. ಒಬ್ಬರಿಂದ ಏನೂ ಸಿದ್ಧವಾಗುವುದಿಲ್ಲವೆಂದು ಈಗ ಅವಳಿಗೆ ನಾನು ಹೇಳಬೇಕಾಗಲಿಲ್ಲ. ಅವಳೇ ನನಗೆ ಹೇಳಿದಳು.

ಅವಳ ಮಾರ್ಗದರ್ಶಕರು ವಿಷಯವನ್ನು ಒಪ್ಪಿದ್ದಾರೆ. ಶೀರ್ಷಿಕೆ ಉದ್ದವಾಯಿತೆಂದು ಅರ್ಧ ಹೊಡೆದುಹಾಕಿದ್ದಾರೆ, ಅದು ಅವರ ಧರ್ಮ. 31 ಹೆಸರುಗಳಿದ್ದ ಪಟ್ಟಿಯನ್ನು 20ಕ್ಕೆ ಇಳಿಸಬೇಕೆಂದಿದ್ದಾರೆ. ‘ಹೆಸರಿಲ್ಲದ ಪೊಟ್ಟಣದ ಪುಡಿ’ ಎಂಬುದನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯುವುದಿಲ್ಲವೆಂದು ಹುಡುಗಿ ಹೇಳಿದ್ದಾಳೆ.

ಈಗ ನಿಮ್ಮಿಂದ ಒಂದು ಉಪಕಾರವಾಗಬೇಕು. ನನ್ನ ಹಳೆಯ ವಿದ್ಯಾರ್ಥಿಗಳು ಬಾಣಾವರ, ಜಾವಗಲ್, ಗಂಡಸಿ, ಹಾರನಹಳ್ಳಿ, ಹಳೇಬೀಡಿನ ಸುತ್ತಲ ಹಳ್ಳಿಗಳಲ್ಲಿ ಹರಡಿದ್ದೀರಿ. ಕೆಲವರು ಔಷಧಿ ಅಂಗಡಿ ಇಟ್ಟಿದ್ದೀರಿ, ಕೆಲವರು ಆಶಾ ಕಾರ್ಯಕರ್ತೆಯರಾಗಿದ್ದೀರಿ. ಸಕ್ಕರೆ ಕಾಯಿಲೆಗೆಂದು ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಏನೇನನ್ನು ಬಳಸುತ್ತಾರೆ ಎಂಬುದಕ್ಕಿಂತ ಮುಖ್ಯವಾಗಿ, ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದನ್ನು ನನಗೆ ಬರೆದು ತಿಳಿಸಿ. ಪುಸ್ತಕದ ಹೆಸರು ಬೇಡ; ನಿಮ್ಮ ಅಜ್ಜಿ ಹೇಳುವ ಹೆಸರು ಬೇಕು. ಬಳಸುವವರ ಹೆಸರನ್ನು ಬರೆಯಬೇಡಿ. ಮುಂದಿನ ತಿಂಗಳ 10ರೊಳಗೆ ಬಂದರೆ ಅವಳ ಪಟ್ಟಿಗೆ ಸೇರಿಸಲು ಅನುಕೂಲ.